30 ಕೆಜಿಯ ಆಟ, 5 ಕೆಜಿಯ ಜೀವ

ನೆಲದ ಮೇಲೆ ಓಡಾಡುವ ಸಸ್ತನಿಗಳಲ್ಲಿ ಒಂದೇ ಪ್ರಭೇದದೊಳಗೆ ನಾಯಿಯಲ್ಲಿರುವಷ್ಟು ಗಾತ್ರಭೇದ ಬೇರೆ ಯಾವುದರಲ್ಲೂ ಇಲ್ಲ. 2 ಕೆಜಿ ತೂಗುವ ಚಿವಾವಾ ಕೂಡ ನಾಯಿಯೇ, 70 ಕೆಜಿ ತೂಗುವ ಗ್ರೇಟ್ ಡೇನ್ ಕೂಡ ನಾಯಿಯೇ. 2007ರಲ್ಲಿ ಅಮೆರಿಕದ ಸಂಶೋಧಕರು ಈ ಅಂತರದ ಹಿಂದಿರುವ ಒಂದು ಮುಖ್ಯ ಜೀನನ್ನು ಗುರುತಿಸಿದರು. ಅದರ ಹೆಸರು ಐಜಿಎಫ್-1. ದೇಹದ ಬೆಳವಣಿಗೆಗೆ ಬೇಕಾದ ಒಂದು ಹಾರ್ಮೋನನ್ನು ತಯಾರಿಸಲು ಹೇಳಿಕೊಡುವ ಜೀನ್ ಅದು. ನಾಯಿಗಳ ನಡುವಿನ ಗಾತ್ರವ್ಯತ್ಯಾಸದಲ್ಲಿ ಸುಮಾರು ಶೇಕಡಾ 15ರಷ್ಟು ಪಾಲು ಇದೊಂದರದ್ದೇ. 2022ರಲ್ಲಿ ಇನ್ನೂ ಸೋಜಿಗದ ಸಂಗತಿ ಹೊರಬಿತ್ತು. ನಾಯಿಯನ್ನು ಕುಳ್ಳಗಾಗಿಸುವ ಐಜಿಎಫ್-1ರ ಆ ರೂಪ ಸೈಬೀರಿಯಾದಲ್ಲಿ ಸಿಕ್ಕ, ಸುಮಾರು 54,000 ವರ್ಷ ಹಿಂದಿನ ತೋಳದ ಡಿಎನ್ಎಯಲ್ಲೂ ಇತ್ತು. ಅಂದರೆ ಮನುಷ್ಯ ನಾಯಿ ಸಾಕುವುದಕ್ಕೂ ಬಹಳ ಮೊದಲೇ ಆ ಬೀಜ ತೋಳಗಳ ರಕ್ತದಲ್ಲಿ ಅಡಗಿ ಕೂತಿತ್ತು. ಅದನ್ನು ಹೆಕ್ಕಿ, ಪೋಷಿಸಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ನಾಯಿಗಳನ್ನೂ, ಮತ್ತೊಂದು ಕಡೆ ಕರುವಿನಷ್ಟು ಎತ್ತರದ ನಾಯಿಗಳನ್ನೂ ಮಾಡಿದವರು ನಾವು. ಇಂದು ನಾವು ಹೆಸರು ಹಿಡಿದು ಕರೆಯುವ ಹೆಚ್ಚಿನ ತಳಿಗಳು ಕಳೆದ 200 ವರ್ಷಗಳೊಳಗೆ ರೂಪುಗೊಂಡವು. ತಳಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಲಂಡನ್ನಿನಲ್ಲಿ ಹುಟ್ಟಿದ್ದೇ 1873ರಲ್ಲಿ.

ದೇಹಗಳು ಇಷ್ಟು ಬೇಗ ಬದಲಾದರೂ ಆಟದ ಭಾಷೆ ಬದಲಾಗಲಿಲ್ಲ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಚಿವಾವಾ ಆಟಕ್ಕೆ ಕರೆಯುವ ಭಂಗಿಯೂ, ಗ್ರೇಟ್ ಡೇನ್ ಕರೆಯುವ ಭಂಗಿಯೂ ಒಂದೇ. ತೋಳದ ಮರಿ ತನ್ನಷ್ಟೇ ಗಾತ್ರದ ಒಡಹುಟ್ಟಿನ ಜೊತೆ ಆಡುತ್ತ ಕಲಿತ ಭಾಷೆ ಅದು. ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಬೆಳಿಗ್ಗೆ ಆರೂವರೆಗೆ 30 ಕೆಜಿಯ ಲ್ಯಾಬ್ರಡಾರ್ ಒಂದು 5 ಕೆಜಿಯ ಶಿಟ್ಸುವನ್ನು ಕಂಡು ಇದೇ ಭಂಗಿಯಲ್ಲಿ ಬಾಗಿದಾಗ ಅದರ ಮನಸ್ಸಿನಲ್ಲಿ ಕೇಡೇನೂ ಇರುವುದಿಲ್ಲ. ಆದರೆ ಆ ಆಹ್ವಾನದ ಬೆನ್ನಿಗೇ ಬರುವ ಡಿಕ್ಕಿ, ಕುತ್ತಿಗೆಗೆ ಹಾಕುವ ಬಾಯಿ, ಬೆನ್ನ ಮೇಲೆ ಇಡುವ ಕಾಲು, ಇವನ್ನು ತಾಳಿಕೊಳ್ಳುವ ದೇಹ ಎದುರಿಗಿಲ್ಲ. ತಮ್ಮ ನಾಯಿ ಸಣ್ಣ ನಾಯಿಗಳ ಜೊತೆ ಒರಟಾಗಿ ಆಡುತ್ತದೆ ಎಂದು ಕಂಗೆಟ್ಟವರು ಮೊದಲು ತಿಳಿಯಬೇಕಾದ ವಿಷಯ ಇದು: ನಿಮ್ಮ ನಾಯಿ ಕೆಟ್ಟದ್ದಲ್ಲ, ಹಾಗೆಂದು ಪರಿಸ್ಥಿತಿ ಸುರಕ್ಷಿತವೂ ಅಲ್ಲ.

ಆಟದ ವ್ಯಾಕರಣ

ನಾಯಿಗಳ ಆಟವನ್ನು ವಿಜ್ಞಾನ ಗಂಭೀರವಾಗಿ ಕಂಡದ್ದು ತಡವಾಗಿ. ಕೊಲೊರಾಡೊ ವಿಶ್ವವಿದ್ಯಾಲಯದ ಮಾರ್ಕ್ ಬೆಕಾಫ್ ನಾಯಿಮರಿ, ತೋಳದ ಮರಿ, ಕಯೋಟಿ ಮರಿಗಳ ಆಟವನ್ನು ಚಿತ್ರೀಕರಿಸಿ, ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಿದರು. 1995ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳು ಹೀಗಿದೆ: ಬಾಗುವ ಭಂಗಿ ಎಲ್ಲೆಂದರಲ್ಲಿ ಬರುವುದಿಲ್ಲ. ಕಚ್ಚಿ ತಲೆಯನ್ನು ಅತ್ತಿತ್ತ ಒದರುವಂಥ, ತಪ್ಪು ತಿಳಿಯಬಹುದಾದ ಕ್ರಿಯೆಯ ಸ್ವಲ್ಪ ಮೊದಲು ಅಥವಾ ಆದ ಕೂಡಲೇ ಅದು ಬರುತ್ತದೆ. 'ಈಗ ಮಾಡಿದ್ದೂ ಆಟವೇ, ಮುಂದೆ ಮಾಡುವುದೂ ಆಟವೇ' ಎಂದು ಎದುರಿನವನಿಗೆ ಖಾತ್ರಿ ಕೊಡುವ ಕೆಲಸ ಆ ಭಂಗಿಯದು. 2016ರಲ್ಲಿ ಬಂದ ಇನ್ನೊಂದು ಅಧ್ಯಯನ ವಯಸ್ಕ ನಾಯಿಗಳನ್ನು ನೋಡಿ ಮತ್ತೊಂದು ಮುಖ ತೋರಿಸಿತು. ಆಟ ಒಂದು ಕ್ಷಣ ನಿಂತ ಮೇಲೆ ಅದನ್ನು ಮತ್ತೆ ಶುರು ಮಾಡಲು ನಾಯಿಗಳು ಹೆಚ್ಚಾಗಿ ಬಾಗುತ್ತವೆ. ಅಂದರೆ ಒಳ್ಳೆಯ ಆಟದಲ್ಲಿ ನಿಲುಗಡೆಗಳಿರುತ್ತವೆ. ಈ ಮಾತನ್ನು ನೆನಪಿಡಿ, ಈ ಅಧ್ಯಾಯದ ಮುಕ್ಕಾಲು ಪಾಲು ಪರಿಹಾರ ಇದರಲ್ಲಿದೆ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಇನ್ನೂ ಸೂಕ್ಷ್ಮವಾದುದನ್ನು ತೋರಿಸಿದರು. ಜೊತೆಗಾರ ತನ್ನತ್ತ ನೋಡುತ್ತಿದ್ದರೆ ನಾಯಿ ಬಾಗಿ ಕರೆಯುತ್ತದೆ. ಅವನು ಮುಖ ತಿರುಗಿಸಿದ್ದರೆ ಬಾಗುವುದಿಲ್ಲ. ಮೊದಲು ತಟ್ಟುತ್ತದೆ, ಮೆಲ್ಲಗೆ ಕಚ್ಚುತ್ತದೆ, ಬೊಗಳಿ ಗಮನ ಸೆಳೆಯುತ್ತದೆ. ಗಮನ ಸಿಕ್ಕ ಮೇಲಷ್ಟೇ ಆಟದ ಸಂಕೇತ. ಎದುರಿನ ಪ್ರಾಣಿ ತನ್ನನ್ನು ನೋಡುತ್ತಿದೆಯೇ ಎಂಬ ಎಚ್ಚರ ಆಡುವ ನಾಯಿಗೆ ಕ್ಷಣಕ್ಷಣವೂ ಇರುತ್ತದೆ. ಇಟಲಿಯ ಪಲೆರ್ಮೊ ನಗರದ ಒಂದು ಉದ್ಯಾನದಲ್ಲಿ ಚಿತ್ರೀಕರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ನಾಯಿ ಬಾಗಿದಾಗ ಅಥವಾ ಸಡಿಲವಾಗಿ ಬಾಯಿ ತೆರೆದಾಗ ಇನ್ನೊಂದು ಕೂಡ ತಕ್ಷಣವೇ ಅದನ್ನೇ ಮಾಡುತ್ತಿತ್ತು. ಹೀಗೆ ಒಂದರ ಮುಖ ಇನ್ನೊಂದರ ಮುಖವನ್ನು ಹಿಂಬಾಲಿಸಿದ ಆಟಗಳು ಹೆಚ್ಚು ಹೊತ್ತು ನಡೆದವು.

ದೊಡ್ಡದು ಚಿಕ್ಕದರ ಜೊತೆ ಆಡುವಾಗ ಇನ್ನೊಂದು ಗುಣ ಬೇಕು. ತನ್ನ ಬಲವನ್ನು ತಾನೇ ಕಡಿಮೆ ಮಾಡಿಕೊಳ್ಳುವ ಗುಣ. ಮೈಸೂರಿನ ಗರಡಿಮನೆಯಲ್ಲಿ ಪಳಗಿದ ಪೈಲ್ವಾನ ಹೊಸದಾಗಿ ಬಂದ ಹುಡುಗನ ಜೊತೆ ಮಟ್ಟಿಗಿಳಿದಾಗ ಅವನ ಪಟ್ಟಿಗೆ ಸಿಕ್ಕಿಬೀಳುತ್ತಾನೆ, ಮಣ್ಣಿಗೆ ಬೆನ್ನು ಕೊಡುತ್ತಾನೆ. ಹಾಗೆ ಮಾಡದಿದ್ದರೆ ಹುಡುಗ ಮರುದಿನ ಬರುವುದಿಲ್ಲ. ಚೆನ್ನಾಗಿ ಆಡಬಲ್ಲ ದೊಡ್ಡ ನಾಯಿಯೂ ಹೀಗೆಯೇ. ಮಲಗಿಕೊಂಡು ಆಡುತ್ತದೆ, ಓಟದಲ್ಲಿ ನಿಧಾನಿಸುತ್ತದೆ, ಬಾಯಿ ಹಾಕಿದರೂ ದವಡೆ ಬಿಗಿಯುವುದಿಲ್ಲ, ಚಿಕ್ಕದು ಅಟ್ಟಿಸಿಕೊಂಡು ಬಂದರೆ ಓಡಿದಂತೆ ಮಾಡುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ಎರಿಕಾ ಬಾವರ್ ಮತ್ತು ಬಾರ್ಬರಾ ಸ್ಮಟ್ಸ್ 2007ರ ಅಧ್ಯಯನದಲ್ಲಿ ಈ ಪಾತ್ರ ಅದಲುಬದಲನ್ನು ಲೆಕ್ಕ ಹಾಕಿದರು. ಆಟ ನ್ಯಾಯವಾಗಿರಬೇಕಾದರೆ ಅರ್ಧ ಸಲ ಅದು, ಅರ್ಧ ಸಲ ಇದು ಗೆಲ್ಲಬೇಕೆಂಬ ಹಳೆಯ ನಂಬಿಕೆಗೆ ಅಲ್ಲಿ ಪುರಾವೆ ಸಿಗಲಿಲ್ಲ. ಒಂದೇ ನಾಯಿ ಹೆಚ್ಚು ಸಲ ಮೇಲುಗೈ ಸಾಧಿಸಿದರೂ ಆಟ ಸಂತೋಷವಾಗಿ ಸಾಗಬಹುದು. ಆದ್ದರಿಂದ ಯಾರು ಎಷ್ಟು ಸಲ ಮೇಲಿದ್ದರು ಎಂದು ಎಣಿಸಿ ತೀರ್ಪು ಕೊಡಬೇಡಿ. ಕೆಳಗಿರುವವನಿಗೆ ಎದ್ದುಹೋಗುವ ದಾರಿ ಇದೆಯೇ, ಎದ್ದ ಮೇಲೆ ಅವನು ಮರಳಿ ಬರುತ್ತಾನೆಯೇ, ಇದನ್ನು ನೋಡಿ.

ಸಣ್ಣ ನಾಯಿ ಅಂಗಾತ ಬಿದ್ದರೆ ಸೋಲೊಪ್ಪಿದೆ ಎಂದು ನಾವು ತಿಳಿಯುತ್ತೇವೆ. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಆಟದ ನಡುವಿನ ಇಂಥ ಉರುಳಾಟಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಕುತ್ತಿಗೆಯ ಮೇಲೆ ಬರುವ ಕಡಿತ ತಪ್ಪಿಸಿಕೊಳ್ಳಲು, ಕೆಳಗಿನಿಂದ ತಾನೇ ಕಚ್ಚಲು ನಾಯಿಗಳು ಉರುಳುತ್ತಿದ್ದವು. ಜೋಡಿಯಲ್ಲಿ ಚಿಕ್ಕ ನಾಯಿಯೇ ಹೆಚ್ಚು ಉರುಳುತ್ತದೆ ಎಂಬುದೂ ಸುಳ್ಳಾಯಿತು. ಹಾಗಾದರೆ ಅಂಗಾತ ಬಿದ್ದ ಪಗ್ ಖುಷಿಯಲ್ಲಿದೆಯೋ ಭಯದಲ್ಲಿದೆಯೋ ಹೇಗೆ ತಿಳಿಯುವುದು? ಮೈ ನೋಡಬೇಕು. ಮೈ ಸಡಿಲವಾಗಿ, ಕಾಲು ಆಡಿಸುತ್ತ, ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದರೆ ಆಟ. ಮೈ ಮರಗಟ್ಟಿ, ಬಾಲ ಹೊಟ್ಟೆಗಂಟಿ, ತುಟಿ ಬಿಗಿದು, ಮುಖ ಬೇರೆಡೆ ತಿರುಗಿಸಿಕೊಂಡು ಕಣ್ಣಿನ ಬಿಳಿ ಕಾಣಿಸುತ್ತಿದ್ದರೆ ಅದು ಆಟವಲ್ಲ, ಬಿಡಿಸಿಕೊಳ್ಳಲಾಗದ ಪ್ರಾಣಿಯ ಮೌನ. ಬಾಲದ ಅಲ್ಲಾಟವೊಂದನ್ನೇ ನಂಬುವಂತಿಲ್ಲ. ಬಾಲ ಬಲಕ್ಕೆ ಹೆಚ್ಚು ಬೀಸಿದಾಗ ಒಂದು ಭಾವ, ಎಡಕ್ಕೆ ಹೆಚ್ಚು ಬೀಸಿದಾಗ ಇನ್ನೊಂದು ಎಂದು ಇಟಲಿಯ ಸಂಶೋಧಕರು 2007ರಲ್ಲೇ ತೋರಿಸಿದ್ದಾರೆ. ಯಜಮಾನನನ್ನು ಕಂಡಾಗ ಬಲಕ್ಕೆ, ಗುರುತಿಲ್ಲದ ದಬ್ಬಾಳಿಕೆಯ ನಾಯಿಯನ್ನು ಕಂಡಾಗ ಎಡಕ್ಕೆ.

ಆಟ ಎಲ್ಲಿ ಕೈತಪ್ಪುತ್ತದೆ

ಒರಟಾಗಿ ಆಡುವ ನಾಯಿಗಳಲ್ಲಿ ಬಹುಪಾಲು ಹರೆಯದವು. ಆರೇಳು ತಿಂಗಳಿನಿಂದ ಒಂದೂವರೆ, ಎರಡು ವರ್ಷದವರೆಗೆ ಮೈ ತುಂಬಿರುತ್ತದೆ, ವಿವೇಕ ತುಂಬಿರುವುದಿಲ್ಲ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ತಂಡ ಮಾರ್ಗದರ್ಶಿ ನಾಯಿಗಳಾಗಲು ಬೆಳೆಯುತ್ತಿದ್ದ ಮರಿಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. 5 ತಿಂಗಳಲ್ಲಿ 'ಕೂರು' ಎಂದರೆ ಕೂರುತ್ತಿದ್ದ ಮರಿ 8 ತಿಂಗಳಲ್ಲಿ ಸಾಕಿದವರ ಮಾತನ್ನು ಮೊದಲಿನಷ್ಟು ಕೇಳುತ್ತಿರಲಿಲ್ಲ. ಅಪರಿಚಿತರು ಹೇಳಿದರೆ ಕೇಳುತ್ತಿತ್ತು. ಮಗ ಹತ್ತನೇ ತರಗತಿಗೆ ಬಂದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಯಿಗೂ ಇದು ದಾಟಿಹೋಗುವ ಕಾಲ. ದಾಟುವ ತನಕ ಇನ್ನೊಂದು ಜೀವಕ್ಕೆ ಪೆಟ್ಟಾಗದಂತೆ ಕಾಯುವುದು ನಮ್ಮ ಕೆಲಸ.

ಎರಡನೆಯ ಕಾರಣ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಬಾರ್ ಹಾರ್ಬರಿನಲ್ಲಿ ವರ್ಷಗಟ್ಟಲೆ ನಾಯಿಗಳನ್ನು ಬೆಳೆಸಿ ನೋಡಿದ ಸ್ಕಾಟ್ ಮತ್ತು ಫುಲ್ಲರ್ 1965ರ ಪುಸ್ತಕದಲ್ಲಿ ಹೇಳಿದಂತೆ, 3ರಿಂದ 12ನೇ ವಾರದವರೆಗಿನ ಅವಧಿ ಮರಿಯ ಸಾಮಾಜಿಕ ಬುದ್ಧಿ ಅರಳುವ ಕಾಲ. ಒಡಹುಟ್ಟನ್ನು ಜೋರಾಗಿ ಕಚ್ಚಿದರೆ ಅದು ಕಿರುಚಿ ಆಟ ನಿಲ್ಲಿಸುತ್ತದೆ. ತಾಯಿಯನ್ನು ಕಚ್ಚಿದರೆ ಅವಳು ಗುರ್ರೆಂದು ಎದ್ದುಹೋಗುತ್ತಾಳೆ. ಎಷ್ಟು ಬಿಗಿದರೆ ಆಟ, ಎಷ್ಟು ಬಿಗಿದರೆ ಆಟ ಮುಗಿಯಿತು ಎಂಬ ಲೆಕ್ಕ ದವಡೆಗೆ ಹತ್ತುವುದು ಹೀಗೆ. 30-40 ದಿನಕ್ಕೇ ತಾಯಿಯಿಂದ ಬೇರ್ಪಟ್ಟ ನಾಯಿಗಳನ್ನು ಎರಡು ತಿಂಗಳಿಗೆ ಬೇರ್ಪಟ್ಟವುಗಳ ಜೊತೆ ಹೋಲಿಸಿದ ಇಟಲಿಯ ಅಧ್ಯಯನವೊಂದು 2011ರಲ್ಲಿ ಬಂತು. ಬೇಗ ಬೇರ್ಪಟ್ಟವುಗಳಲ್ಲಿ ಅತಿಯಾದ ಬೊಗಳಾಟ, ವಾಕಿಂಗ್‌ನಲ್ಲಿ ಅಂಜಿಕೆಯಂಥ ತೊಂದರೆಗಳು ಹೆಚ್ಚಿದ್ದವು. ನಮ್ಮಲ್ಲಿ ಇನ್ನೂ ಹಾಲು ಬಿಡದ ಮರಿಗಳು ಕೈಬದಲಾಗುವುದು ಸಾಮಾನ್ಯ. 2017ರ ಕೇಂದ್ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಎಷ್ಟು ಮುದ್ದಾಗಿದ್ದರೂ ಕೊಳ್ಳುವವರೇ 'ಇನ್ನೂ ಮೂರು ವಾರ ತಾಯಿಯ ಹತ್ತಿರವೇ ಇರಲಿ' ಎಂದು ಹೇಳಿದರೆ ಎಷ್ಟೋ ತೊಂದರೆ ಅಲ್ಲೇ ತಪ್ಪುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ಕಾರಣ. ಬೇಟೆಯ ಕ್ರಿಯೆ ಒಂದು ಸರಪಳಿ: ಗುರಿ ಕಾಣು, ದಿಟ್ಟಿಸು, ಹೊಂಚು ಹಾಕು, ಅಟ್ಟು, ಹಿಡಿ, ಕೊಲ್ಲು. ಹ್ಯಾಂಪ್‌ಷೈರ್ ಕಾಲೇಜಿನ ರೇಮಂಡ್ ಕೊಪಿಂಜರ್ ಮತ್ತು ಲೋರ್ನಾ ಕೊಪಿಂಜರ್ ವಿವರಿಸಿದಂತೆ, ತಳಿಗಾರರು ಈ ಸರಪಳಿಯ ಒಂದೊಂದು ಕೊಂಡಿಯನ್ನು ಬೇಕಾದಂತೆ ಗಟ್ಟಿ ಮಾಡಿದರು ಅಥವಾ ಸಡಿಲಿಸಿದರು. ಬಾರ್ಡರ್ ಕೋಲಿ ದಿಟ್ಟಿಸುವುದರಲ್ಲಿ, ಹೊಂಚುವುದರಲ್ಲಿ ನಿಸ್ಸೀಮ. ಲ್ಯಾಬ್ರಡಾರ್ ಹಿಡಿಯುವುದರಲ್ಲಿ. ನಮ್ಮ ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಅಟ್ಟುವುದರಲ್ಲಿ. ಆಟವೂ ಇದೇ ಕೊಂಡಿಗಳನ್ನು ಎರವಲು ಪಡೆದು, ಕ್ರಮ ತಪ್ಪಿಸಿ, ನಡುನಡುವೆ ನಿಲ್ಲಿಸಿ ಕಟ್ಟಿದ ಚಟುವಟಿಕೆ. ಹೆದರಿದ ಸಣ್ಣ ನಾಯಿ ಕೀಚಲು ದನಿಯಲ್ಲಿ ಕಿರುಚುತ್ತ, ಅಂಕುಡೊಂಕಾಗಿ ಓಡತೊಡಗಿದರೆ, ಮೈ ಕಾದ ದೊಡ್ಡ ನಾಯಿಯೊಳಗೆ ಆಟದ ಕ್ರಮ ಕಳಚಿ ಬೇಟೆಯ ಕ್ರಮ ಕೂಡಿಕೊಳ್ಳಬಹುದು. ಆಗ ಅದು ಬಾಗುವುದಿಲ್ಲ, ಬೊಗಳುವುದಿಲ್ಲ, ಹಾರಿ ಹಾರಿ ಓಡುವುದಿಲ್ಲ. ಬಾಯಿ ಮುಚ್ಚಿರುತ್ತದೆ, ಓಟ ನೇರವಾಗುತ್ತದೆ, ಸದ್ದು ನಿಲ್ಲುತ್ತದೆ. ಎರಡು ದೊಡ್ಡ ನಾಯಿಗಳು ಸೇರಿ ಒಂದು ಚಿಕ್ಕದನ್ನು ಅಟ್ಟುವಾಗ ಈ ಅಪಾಯ ಇನ್ನೂ ಹೆಚ್ಚು. ಗದ್ದಲದ ಆಟ ಕಂಡು ಓಡಿಬರುವ ಯಜಮಾನರು ಸದ್ದಡಗಿದ ಆಟ ಕಂಡು ನೆಮ್ಮದಿಪಡುತ್ತಾರೆ. ಓಡಿಹೋಗಬೇಕಾದ್ದು ಆಗ.

ಸಣ್ಣ ದೇಹದೊಳಗೆ

ಭೌತಶಾಸ್ತ್ರವನ್ನು ಇಲ್ಲಿ ಮರೆಯುವಂತಿಲ್ಲ. 30 ಕೆಜಿಯ ನಾಯಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿಬಂದರೆ ಅದರ ಚಲನಶಕ್ತಿ 960 ಜೂಲ್. ಅದೇ ವೇಗದಲ್ಲಿ 5 ಕೆಜಿಯ ನಾಯಿಯದು 160 ಜೂಲ್. ಹಲ್ಲು ತಾಗದೆ ಬರೀ ಭುಜ ತಾಗಿದರೂ ಪುಟ್ಟ ತಳಿಯ ನಾಯಿಯ ಮುಂಗಾಲಿನ ಕಡ್ಡಿಯಂಥ ಮೂಳೆ ಮುರಿಯಬಹುದು. ಸೋಫಾದಿಂದ ಜಿಗಿದೇ ಅದು ಮುರಿದುಕೊಂಡ ನಾಯಿಗಳಿವೆ. ಚಿಕ್ಕ ತಳಿಗಳಲ್ಲಿ ಮಂಡಿಚಿಪ್ಪು ಜಾರುವ, ಶ್ವಾಸನಾಳ ಕುಸಿಯುವ ಕಾಯಿಲೆಗಳು ಮೊದಲೇ ಹೆಚ್ಚು. ಪಗ್, ಶಿಟ್ಸು, ಪೆಕಿನೀಸ್‌ಗಳ ಕಣ್ಣುಗುಳಿ ಎಷ್ಟು ಆಳವಿಲ್ಲದ್ದೆಂದರೆ ತಲೆಗೆ ಬಿದ್ದ ಪೆಟ್ಟಿಗೆ ಅಥವಾ ಕುತ್ತಿಗೆಯ ಎಳೆತಕ್ಕೆ ಗುಡ್ಡೆಯೇ ಹೊರಕ್ಕೆ ಬರಬಹುದು.

ದೊಡ್ಡ ನಾಯಿ ಚಿಕ್ಕದನ್ನು ಬಾಯಲ್ಲಿ ಹಿಡಿದು ಒದರಿದರೆ ಆಗುವ ಗಾಯ ಬೇರೆ ಬಗೆಯದು. ಇಂಗ್ಲಿಷ್ ಮಾತಾಡುವ ದೇಶಗಳ ಪಶುವೈದ್ಯರು ರೋಗಿಯ ಹಾಳೆಯ ಮೇಲೆ ಬರೀ 'ಬಿಡಿಎಲ್‌ಡಿ' ಎಂದು ಬರೆದರೂ ಇಡೀ ಆಸ್ಪತ್ರೆಗೆ ಅರ್ಥವಾಗುತ್ತದೆ, ದೊಡ್ಡ ನಾಯಿ ಸಣ್ಣ ನಾಯಿಯನ್ನು ಕಚ್ಚಿದ ಪ್ರಕರಣ ಎಂದು. ಅಷ್ಟು ಸಾಮಾನ್ಯ ಅದು. ಹೊರಗೆ ಎರಡು ಸಣ್ಣ ತೂತು, ಕೆಲವೊಮ್ಮೆ ಅದೂ ಇಲ್ಲ. ನಾಯಿಯ ಚರ್ಮ ಸಡಿಲವಾದ್ದರಿಂದ ಹಲ್ಲಿನ ಜೊತೆ ಅದೂ ಸರಿದಾಡುತ್ತದೆ, ಹರಿಯುವುದಿಲ್ಲ. ಒಳಗೆ ಮಾತ್ರ ಸ್ನಾಯು ಮೂಳೆಯಿಂದ ಕಿತ್ತಿರುತ್ತದೆ, ಪಕ್ಕೆಲುಬು ಮುರಿದಿರುತ್ತದೆ, ಎದೆಗೂಡಿನೊಳಗೆ ಗಾಳಿ ಸೇರಿರುತ್ತದೆ. ಆದ್ದರಿಂದ ಒಂದು ಮಾತು: ದೊಡ್ಡ ನಾಯಿ ಚಿಕ್ಕದನ್ನು ಹಿಡಿದು ಒದರಿತೆಂದರೆ, ರಕ್ತ ಕಾಣದಿದ್ದರೂ, ನಾಯಿ ಎದ್ದು ನಡೆದರೂ, ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ಚರ್ಮ ತೂತಾಗಿದ್ದರೆ ರೇಬೀಸ್ ಲಸಿಕೆಯ ಬಗ್ಗೆಯೂ ಕೇಳಬೇಕು.

ಇನ್ನು ಮನಸ್ಸಿಗೆ ಬೀಳುವ ಪೆಟ್ಟು. ಒಮ್ಮೆ ತುಳಿತಕ್ಕೆ ಸಿಕ್ಕಿದ ಪೊಮೇರಿಯನ್ ಮುಂದೆ ಎಲ್ಲ ದೊಡ್ಡ ನಾಯಿಗಳನ್ನೂ ದೂರದಿಂದಲೇ ಬೊಗಳಿ ಓಡಿಸಲು ನೋಡುತ್ತದೆ. ಅದನ್ನು ನಾವು 'ಸಣ್ಣ ನಾಯಿಗಳಿಗೆ ಬಾಯಿ ಜಾಸ್ತಿ' ಎಂದು ನಗೆಯಾಡುತ್ತೇವೆ. ಅದು ನಗುವ ವಿಷಯವಲ್ಲ. ಆ ಬೊಗಳಾಟದ ಹಿಂದೆ ಹೆಚ್ಚಾಗಿ ಇಂಥದ್ದೊಂದು ಬೆಳಗಿನ ನೆನಪಿರುತ್ತದೆ.

ವಾಕಿಂಗ್ ಏಕೆ ಕಷ್ಟದ ಜಾಗ

ನಮ್ಮ ಬೀದಿನಾಯಿಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಹೊಸ ನಾಯಿಯೊಂದು ದೂರದಲ್ಲಿ ಕಂಡರೆ ನೇರ ನುಗ್ಗುವುದು ಅಪರೂಪ. ನಿಲ್ಲುತ್ತವೆ, ನೆಲ ಮೂಸುತ್ತವೆ, ಮುಖ ಪಕ್ಕಕ್ಕೆ ತಿರುಗಿಸುತ್ತವೆ, ಕಮಾನಿನಂತೆ ಬಳಸಿ ಹತ್ತಿರ ಬರುತ್ತವೆ, ಬೇಡವೆನಿಸಿದರೆ ಹೊರಟುಹೋಗುತ್ತವೆ. ಅಂತರ ಅವುಗಳ ದೊಡ್ಡ ಆಯುಧ. ಲೀಶ್ ಕಟ್ಟಿದ ನಾಯಿಗೆ ಆ ಆಯುಧವಿಲ್ಲ. ಕಿರಿದಾದ ಫುಟ್‌ಪಾತಿನಲ್ಲಿ, ಲಿಫ್ಟಿನ ಬಾಗಿಲಲ್ಲಿ, ನಾವು ಎರಡು ನಾಯಿಗಳನ್ನು ಮೂತಿಗೆ ಮೂತಿ ತಂದು ನಿಲ್ಲಿಸುತ್ತೇವೆ. ಆತಂಕದಿಂದ ಲೀಶ್ ಬಿಗಿಹಿಡಿಯುತ್ತೇವೆ. ಎಳೆತಕ್ಕೆ ದೊಡ್ಡ ನಾಯಿಯ ಎದೆ ಮೇಲೇಳುತ್ತದೆ, ಮೈ ಸೆಟೆಯುತ್ತದೆ. ಚಿಕ್ಕದರ ಕಣ್ಣಿಗೆ ಅದು ಮೇಲೆರಗಲು ಸಿದ್ಧವಾದ ಪ್ರಾಣಿ. ಜೆಕ್ ದೇಶದಲ್ಲಿ ವಾಕಿಂಗ್‌ಗೆ ಬಂದ ನಾಯಿಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಲೀಶಿನಲ್ಲಿದ್ದಾಗ ಬೆದರಿಕೆಯ ವರ್ತನೆ ಹೆಚ್ಚು ಕಂಡಿತ್ತು. ಹಾಗೆಂದು ನಗರದ ರಸ್ತೆಯಲ್ಲಿ ಲೀಶ್ ಬಿಚ್ಚುವಂತಿಲ್ಲ. ಇರುವ ದಾರಿ ಒಂದೇ, ಲೀಶಿನಲ್ಲಿ ಇರುವಾಗ ಆಟವೇ ಬೇಡ.

ಈ ನಿಯಮ ಬಹಳ ಜನರಿಗೆ ಕಠಿಣವೆನಿಸುತ್ತದೆ. 'ಪಾಪ, ಅವನಿಗೂ ಫ್ರೆಂಡ್ಸ್ ಬೇಕಲ್ಲ' ಎನ್ನುತ್ತಾರೆ. ಆದರೆ ಎರಡು ಲೀಶ್ ಸಿಕ್ಕಿಕೊಂಡು, ಚಿಕ್ಕದರ ಕುತ್ತಿಗೆಗೆ ಸುತ್ತಿ, ಎರಡೂ ಗಾಬರಿಯಾಗಿ ಎಳೆದಾಡುವುದನ್ನು ಒಮ್ಮೆ ಕಂಡವರು ಮತ್ತೆ ಈ ಮಾತಾಡುವುದಿಲ್ಲ. ರಸ್ತೆಯಲ್ಲಿ ಹೆಚ್ಚೆಂದರೆ ಮೂರು ಸೆಕೆಂಡಿನ ಭೇಟಿ. ಲೀಶ್ ಸಡಿಲ ಬಿಟ್ಟು, ಪಕ್ಕದಿಂದ ಬಳಸಿ ಬಂದು, ಮೂಸಿ, ಹೆಸರು ಕರೆದು, ಖುಷಿಯ ದನಿಯಲ್ಲಿ ಮುಂದೆ ನಡೆಸಿಕೊಂಡು ಹೋಗುವುದು. ಒರಟು ಆಟದ ಅಭ್ಯಾಸ ಈಗಾಗಲೇ ಇದ್ದರೆ ಅದೂ ಸದ್ಯಕ್ಕೆ ಬೇಡ.

ಕಲಿಕೆ ಶುರುವಾಗಬೇಕಾದ್ದು ದೂರದಲ್ಲಿ. ನಿಮ್ಮ ನಾಯಿಗೆ ಸಣ್ಣ ನಾಯಿ ಕಾಣಬೇಕು, ಆದರೆ ನಿಮ್ಮ ದನಿಯೂ ಕೇಳುತ್ತಿರಬೇಕು. ಅಂಥ ದೂರ ಒಂದು ನಾಯಿಗೆ 10 ಮೀಟರ್ ಇರಬಹುದು, ಇನ್ನೊಂದಕ್ಕೆ ಇಡೀ ಮೈದಾನ. ಅಳತೆಗೋಲು ಸರಳ: ಕೈಯಲ್ಲಿರುವ ಕೋಳಿ ತುಂಡನ್ನೋ ಪನೀರನ್ನೋ ತಿನ್ನುತ್ತದೆಯೇ? ತಿನ್ನದಿದ್ದರೆ ತೀರಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಸಣ್ಣ ನಾಯಿಯನ್ನು ನೋಡಿ, ಮತ್ತೆ ನಿಮ್ಮತ್ತ ತಿರುಗಿದ ಆ ಗಳಿಗೆಯಲ್ಲೇ 'ಶಹಬ್ಬಾಸ್' ಎಂದು ತಿನಿಸು ಕೊಡಿ. ದಿನಕ್ಕೆ ಕೆಲವೇ ಸಲ, ಕೆಲವೇ ನಿಮಿಷ. ವಾರಗಳು ಕಳೆದಂತೆ ಸಣ್ಣ ನಾಯಿ ಕಂಡದ್ದೇ ನಿಮ್ಮ ಮುಖ ನೋಡುವ ಸೂಚನೆಯಾಗುತ್ತದೆ. ಆಮೇಲೆ ಪರಿಚಯದ, ಧೈರ್ಯದ ಸಣ್ಣ ನಾಯಿಯೊಂದರ ಯಜಮಾನರನ್ನು ಕೇಳಿಕೊಂಡು, ಎರಡೂ ನಾಯಿಗಳನ್ನು ಒಂದೇ ದಿಕ್ಕಿನಲ್ಲಿ, ನಡುವೆ ರಸ್ತೆಯಷ್ಟು ಅಂತರ ಬಿಟ್ಟು ನಡೆಸಿ. ಎದುರುಬದುರು ಬಾರದೆ ಜೊತೆಯಾಗಿ ನಡೆಯುವುದು ನಾಯಿಗಳಿಗೆ ಬಹಳ ಒಪ್ಪುವ ಪರಿಚಯ.

ಮೂಸಲು ಬಿಡಿ ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ವಾಕಿಂಗ್ ಹೆಚ್ಚಾಗಿ ಬೇಗ ಮುಗಿಸುವ ಮೆರವಣಿಗೆ. ಸಂಶೋಧಕರಾದ ಡ್ಯುರಾಂಟನ್ ಮತ್ತು ಹೊರೊವಿಟ್ಸ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ಮೂಸಿ ಹುಡುಕುವ ಕೆಲಸ ಮಾಡಿದ ನಾಯಿಗಳು ಅನಿಶ್ಚಿತ ಸನ್ನಿವೇಶವನ್ನು ಹೆಚ್ಚು ಭರವಸೆಯಿಂದ ಎದುರಿಸಿದವು. ಯಜಮಾನರ ಹೆಜ್ಜೆಗೆ ಹೆಜ್ಜೆ ಹಾಕುವುದನ್ನು ಕಲಿತ ನಾಯಿಗಳಲ್ಲಿ ಆ ಬದಲಾವಣೆ ಇರಲಿಲ್ಲ. ಮನೆಯಿಂದ ಹೊರಟ ಮೊದಲ ಕಾಲು ಗಂಟೆ ಮೂಗಿಗೆ ಬಿಟ್ಟುಕೊಟ್ಟರೆ ಅಂಗಳ ಸೇರುವ ಹೊತ್ತಿಗೆ ನಾಯಿಯ ಉದ್ವೇಗ ಇಳಿದಿರುತ್ತದೆ. ಚೆಂಡೆಸೆದು ದಣಿಸಿ ಕರೆತರುವುದು ಇದಕ್ಕೆ ಬದಲಿಯಲ್ಲ. ಹುರುಪೆಬ್ಬಿಸುವ ಆಟದಿಂದ ಕಾಲು ದಣಿದರೂ ತಲೆ ಕಾದೇ ಇರುತ್ತದೆ.

ಬಯಲಿನಲ್ಲಿ, ಬೇಲಿಯೊಳಗೆ, ಲೀಶ್ ಇಲ್ಲದೆ ಆಡಿಸುವ ಅವಕಾಶ ಸಿಕ್ಕರೆ ಆಗ ನಿಲುಗಡೆಯನ್ನು ನೀವು ಒದಗಿಸಬೇಕು. ಒಳ್ಳೆಯ ಆಟದಲ್ಲಿ ನಾಯಿಗಳೇ ನಿಲ್ಲುತ್ತವೆ ಎಂದು ಮೊದಲು ಹೇಳಿದೆ. ಒರಟು ನಾಯಿಗೆ ಕೊರತೆಯಿರುವುದು ಬಹುತೇಕ ಇದೊಂದೇ. ಹಾರ್ನೆಸ್‌ಗೆ 5 ಮೀಟರಿನ ಹಗುರ ಹಗ್ಗ ಕಟ್ಟಿ ನೆಲದ ಮೇಲೆ ಎಳೆದಾಡಲು ಬಿಡಿ. ಬೇಕಾದಾಗ ಕಾಲಿನಿಂದ ಮೆಟ್ಟಿ ಹಿಡಿಯಬಹುದು. ಅರ್ಧ ನಿಮಿಷಕ್ಕೊಮ್ಮೆ, ಇನ್ನೂ ಎಲ್ಲ ಚೆನ್ನಾಗಿರುವಾಗಲೇ, ಕರೆಯಿರಿ. ಬಂದರೆ ತಿನಿಸು ಕೊಟ್ಟು, ಉಸಿರು ಇಳಿದ ಮೇಲೆ 'ಹೋಗು, ಆಡು' ಎಂದು ಬಿಡಿ. ಮರಳಿ ಆಟಕ್ಕೆ ಹೋಗುವುದೇ ಅದಕ್ಕೆ ತಿನಿಸಿಗಿಂತ ದೊಡ್ಡ ಬಹುಮಾನ. ಕರೆದರೆ ಆಟ ಮುಗಿಯಿತು ಎಂದು ನಾಯಿ ಕಲಿತರೆ ಕರೆ ಸತ್ತುಹೋಗುತ್ತದೆ. ಕರೆದರೆ ಆಟ ಮುಂದುವರಿಯುತ್ತದೆ ಎಂದು ಕಲಿತರೆ ಕರೆ ಬದುಕುತ್ತದೆ.

ಚಿಕ್ಕ ನಾಯಿಯ ಒಪ್ಪಿಗೆ ಕೇಳಲೂ ಈ ನಿಲುಗಡೆಯೇ ಸಾಕು. ದೊಡ್ಡದನ್ನು ಹಿಡಿದುಕೊಳ್ಳಿ, ಚಿಕ್ಕದನ್ನು ಅದರ ಪಾಡಿಗೆ ಬಿಡಿ. ಅದು ತಾನಾಗಿ ಬಂದು ದೊಡ್ಡದರ ಮೂತಿ ಕೆಣಕಿದರೆ ಆಟ ಮುಂದುವರಿಯಲಿ. ಬೆಂಚಿನ ಕೆಳಗೆ ಹೋದರೆ, ಯಜಮಾನರ ಕಾಲ ಸಂದಿಗೆ ನುಸುಳಿದರೆ, ಮೈ ಒದರಿ ದೂರ ನಡೆದರೆ ಉತ್ತರ ಸಿಕ್ಕಿತು. ಅವತ್ತಿಗೆ ಮುಗಿಯಿತು. ಇನ್ನೊಂದು ಪರೀಕ್ಷೆ ತಾನಾಗಿಯೇ ಬರುತ್ತದೆ: ಚಿಕ್ಕದು ಕಿಂಯ್ ಎಂದಾಗ ನಿಮ್ಮ ನಾಯಿ ಏನು ಮಾಡುತ್ತದೆ? ತಟ್ಟನೆ ಬಿಟ್ಟು ಹಿಂದೆ ಸರಿದರೆ ಅದಕ್ಕೆ ಕಲಿಸಬಹುದು. ಆ ಕೂಗಿನಿಂದ ಇನ್ನಷ್ಟು ಉದ್ರೇಕಗೊಂಡು ಮುನ್ನುಗ್ಗಿದರೆ ಅದಕ್ಕೆ ಸಣ್ಣ ನಾಯಿಗಳ ಸಹವಾಸವೇ ಬೇಡ. ಆಗ ತರಬೇತಿ ಪಡೆದ ವರ್ತನಾತಜ್ಞರ ಸಲಹೆ, ಹೊರಗೆ ಹೋಗುವಾಗ ಬಾಯಿ ತೆರೆದು ಏದುಸಿರು ಬಿಡಲು ಅವಕಾಶವಿರುವ ಬುಟ್ಟಿಯಂಥ ಬಾಯಿಕಟ್ಟು, ಇವು ಬೇಕಾಗುತ್ತವೆ. ಬಾಯಿಕಟ್ಟು ಹಲ್ಲನ್ನು ತಡೆಯುತ್ತದೆ, ಡಿಕ್ಕಿಯನ್ನಲ್ಲ ಎಂಬುದೂ ನೆನಪಿರಲಿ.

ಹೊಡೆಯುವುದರಿಂದ ಏನಾಗುತ್ತದೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಾಯಿಯನ್ನು ಹೊಡೆದ ಅಥವಾ ಒದ್ದ ಯಜಮಾನರಲ್ಲಿ ಶೇಕಡಾ 43 ಮಂದಿ, ಬಲವಂತವಾಗಿ ಅಂಗಾತ ಮಲಗಿಸಿ ಅದುಮಿದವರಲ್ಲಿ ಶೇಕಡಾ 31 ಮಂದಿ, ನಾಯಿ ತಿರುಗಿಬಿದ್ದಿತೆಂದು ಹೇಳಿದ್ದರು. ಸಣ್ಣ ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ಜಗ್ಗು ಬಿದ್ದರೆ ನಾಯಿ ಕಲಿಯುವ ಪಾಠ 'ಮೆಲ್ಲಗೆ ಆಡಬೇಕು' ಎಂದಲ್ಲ, 'ಸಣ್ಣ ನಾಯಿ ಬಂದರೆ ನೋವಾಗುತ್ತದೆ' ಎಂದು. ಆಟದ ಹುಮ್ಮಸ್ಸು ಹಗೆಯಾಗಿ ತಿರುಗುವ ದಾರಿ ಅದು. ಉಸಿರು ಕಟ್ಟಿಸುವ ಚೈನು, ಮುಳ್ಳಿನ ಪಟ್ಟಿ ಇವನ್ನು ಮನೆಯಿಂದಲೇ ಹೊರಹಾಕಿ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ನಾಯಿಯನ್ನು ನೋಯಿಸದೆ ತಿರುಗಿಸುತ್ತದೆ. ಹಾಗೆಯೇ, 'ಯಾವುದಾದರೂ ನಾಯಿ ಒಮ್ಮೆ ಸರಿಯಾಗಿ ಕಚ್ಚಿದರೆ ಬುದ್ಧಿ ಬರುತ್ತದೆ' ಎಂಬ ಮಾತನ್ನು ನಂಬಬೇಡಿ. ತಾಳ್ಮೆಯಿಂದ ಗದರಿಸಬಲ್ಲ, ನಿಮ್ಮ ನಾಯಿಯಷ್ಟೇ ಗಾತ್ರದ ಹಿರಿಯ ನಾಯಿಯೊಂದರ ಸ್ನೇಹ ಮಾತ್ರ ನಿಜವಾಗಿ ಕಲಿಸುತ್ತದೆ. ಅಂಥದ್ದು ಸಿಕ್ಕರೆ ಅದೃಷ್ಟ.

ಸಣ್ಣ ನಾಯಿಯ ಯಜಮಾನರಿಗೂ ಒಂದು ಮಾತು. ದೊಡ್ಡ ನಾಯಿ ನುಗ್ಗಿ ಬಂದಾಗ ನಿಮ್ಮ ನಾಯಿಯನ್ನು ಚಕ್ಕನೆ ಮೇಲೆತ್ತಿದರೆ ಅದು ನಿಮ್ಮ ಮೇಲೆ ಹಾರಬಹುದು. ಸಮಯವಿದ್ದರೆ ನಿಮ್ಮ ನಾಯಿಯನ್ನು ಹಿಂದೆ ಸರಿಸಿ, ನೀವು ನಡುವೆ ನಿಂತು, ಒಂದು ಹಿಡಿ ತಿನಿಸನ್ನು ಬರುವ ನಾಯಿಯ ಮುಂದೆ ನೆಲಕ್ಕೆ ಎರಚಿ. ಸಮಯವಿಲ್ಲದಿದ್ದರೆ ಎತ್ತಿ, ಎದೆಗವಚಿಕೊಂಡು ಬೆನ್ನು ತಿರುಗಿಸಿ ನಿಲ್ಲಿ, ಓಡಬೇಡಿ. ನಿಮ್ಮದು ಅತಿಯಾದ ಮುದ್ದು ಎಂದು ಯಾರಾದರೂ ಆಡಿಕೊಂಡರೆ ತಲೆಕೆಡಿಸಿಕೊಳ್ಳಬೇಡಿ. 5 ಕೆಜಿಯ ಜೀವಕ್ಕೆ ನಿಮ್ಮ ಹೊರತು ಬೇರೆ ಬೇಲಿಯಿಲ್ಲ.

ಕೆಲವು ನಾಯಿಗಳು ಎಷ್ಟು ಕಲಿಸಿದರೂ ಸಣ್ಣ ನಾಯಿಗಳ ಜೊತೆ ಆಡಲು ತಕ್ಕವಾಗುವುದಿಲ್ಲ. ಅದರಿಂದ ಅವುಗಳ ಬದುಕಿಗೆ ಕೊರತೆಯೇನೂ ಇಲ್ಲ. ತನ್ನ ಗಾತ್ರದ ಒಂದೆರಡು ಗೆಳೆಯರು, ನಿಮ್ಮ ಜೊತೆ ಹಗ್ಗದ ಜಗ್ಗಾಟ, ದಿನವೂ ಮೂಸಲು ಹೊಸ ಬೀದಿ ಸಿಕ್ಕರೆ ನಾಯಿಗೆ ಸಾಕು. ನಿಮ್ಮ ನಾಯಿ ದೊಡ್ಡದಾದರೆ, ನಾಳೆ ಬೆಳಿಗ್ಗೆ ಎದುರಿನಿಂದ ಸಣ್ಣ ನಾಯಿ ಬಂದಾಗ 'ಏನೂ ಮಾಡಲ್ಲ, ಆಟ ಆಡ್ತಾನೆ ಅಷ್ಟೆ' ಎಂದು ಕೂಗಿ ಹೇಳುವ ಮೊದಲು ನೀವೇ ರಸ್ತೆಯ ಅಂಚಿಗೆ ಸರಿದು ನಿಲ್ಲಿ. ಭೇಟಿ ಮಾಡಿಸಬಹುದೇ ಎಂದು ಕೇಳಿ. ಬೇಡ ಎಂದರೆ ಕಾರಣ ಕೇಳದೆ ಮುಂದೆ ನಡೆಯಿರಿ.